ಕೊನೆಯ ನಳದ ನೀರು

ರಾಯಚೂರು ಕಡೆಯ ಒಂದು ಹಳ್ಳಿಯಲ್ಲಿ ನಾನು ಕಿರಿಯ ಆರೋಗ್ಯ ಸಹಾಯಕನಾಗಿದ್ದಾಗಿನ ಮಾತು. ಮುಂಗಾರು ಶುರುವಾಗಿ ಹದಿನೈದು ದಿನವೂ ಆಗಿರಲಿಲ್ಲ, ಊರ ತಗ್ಗಿನ ಓಣಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಮೇಲಿನ ಓಣಿಗಳಲ್ಲಿ ಯಾರಿಗೂ ಏನೂ ಇಲ್ಲ. ಎಲ್ಲರೂ ಕುಡಿಯುವುದು ಒಂದೇ ಟ್ಯಾಂಕಿನ ನೀರು. ಬ್ಲೀಚಿಂಗ್ ಪೌಡರ್ ಹಾಕಿದ್ದಕ್ಕೆ ವಹಿಯಲ್ಲಿ ಲೆಕ್ಕವೂ ಇತ್ತು.

ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಹಿಡಿದು ಮೊದಲು ಟ್ಯಾಂಕಿನ ಬುಡದ ನಳ ನೋಡಿದೆ. ಕ್ಲೋರಿನ್ ಇದ್ದರೆ ನೀರನ್ನು ಹಳದಿ ಮಾಡುವ ಓಟಿ (ಆರ್ಥೋಟಾಲಿಡಿನ್) ದ್ರಾವಣದ ಹನಿ ಬಿದ್ದ ಕೂಡಲೇ ನೀರು ತೆಳು ಹಳದಿಗೆ ತಿರುಗಿತು. ತಗ್ಗಿನ ಓಣಿಯ ಕೊನೆಯ ನಳಕ್ಕೆ ಹೋದೆ. ಹನಿ ಬಿಟ್ಟೆ, ಹತ್ತು ಸೆಕೆಂಡು ಕಳೆಯಿತು, ಬಣ್ಣವೇ ಇಲ್ಲ. ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಬೇನೆ ಹಬ್ಬಿದಾಗ 0.5. ಅಲ್ಲಿ ಸೊನ್ನೆ.

ನಾನು, ವಾಟರ್‌ಮನ್ ಇಬ್ಬರೂ ಪೈಪಿನ ಗುಂಟ ನಡೆದೆವು. ಗಟಾರದ ಕೆಸರು ಸರಿಸಿದರೆ ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿದ್ದು ಕಂಡಿತು. ನೀರು ಬಿಡುವುದು ದಿನ ಬಿಟ್ಟು ದಿನ. ಬಿಟ್ಟಾಗ ಅಲ್ಲಿ ನೀರು ಹೊರಗೆ ಜಿನುಗುತ್ತದೆ. ವಾಲ್ವ್ ಬಂದ್ ಮಾಡಿದಾಗ ಪೈಪು ಖಾಲಿಯಾಗುತ್ತ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊಲಸು ಸೇರಿತೆಂದರೆ ಇದ್ದಬದ್ದ ಕ್ಲೋರಿನ್ ಅದಕ್ಕೇ ಖರ್ಚು.

ಜಾಯಿಂಟ್ ಬದಲಿಸಲು ನಾಲ್ಕು ದಿನ ಹಿಡಿಯಿತು. ಅಲ್ಲಿಯ ತನಕ ಮನೆಮನೆಗೆ ಕ್ಲೋರಿನ್ ಮಾತ್ರೆ ಕೊಟ್ಟೆವು: 20 ಲೀಟರಿಗೆ ಅರ್ಧ ಗ್ರಾಮಿನ ಒಂದು, ಅರ್ಧ ತಾಸು ಬಿಟ್ಟು ಕುಡಿಯಬೇಕು. ಕಾಯಿಸಿ ಕುಡಿಯಿರಿ ಅನ್ನಬಹುದಿತ್ತು. ಹಸಿ ಕಟ್ಟಿಗೆ ಊದಿ ಊದಿ ರೊಟ್ಟಿ ಸುಡುವ ಮನೆಗಳಲ್ಲಿ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಪೌಡರಿನದು ಇನ್ನೊಂದು ಕತೆ. ಬಾಯಿ ಬಿಚ್ಚಿದ ಚೀಲ ಪಂಪ್‌ಹೌಸಿನ ಹಸಿ ನೆಲದ ಮೇಲಿತ್ತು, ಪುಡಿ ಹೆಂಟೆಗಟ್ಟಿತ್ತು. ಹೊಸದರಲ್ಲಿ ನೂರಕ್ಕೆ 30ರಷ್ಟು ಕ್ಲೋರಿನ್ ಇರುತ್ತದೆ. ಗಾಳಿ, ತೇವ, ಬಿಸಿಲು ತಾಗಿದರೆ ಕೊನೆಗೆ ಉಳಿಯುವುದು ಸುಣ್ಣ. ಹೊಸ ಚೀಲ ತರಿಸಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿಟ್ಟೆವು. 1000 ಲೀಟರಿಗೆ 4 ಗ್ರಾಂ ಲೆಕ್ಕ ಹಿಡಿದೆ. ನಮ್ಮ 50,000 ಲೀಟರಿನ ಟ್ಯಾಂಕಿಗೆ 200 ಗ್ರಾಂ. ಹಿಂದೊಮ್ಮೆ ಪುಡಿಯನ್ನೇ ಟ್ಯಾಂಕಿಗೆ ಸುರಿಸಿ ನಾನೂ ತಪ್ಪಿದ್ದೆ, ಕೊಡದ ತುಂಬ ಸುಣ್ಣದ ನೀರು ಬಂದು ಹೆಣ್ಣುಮಕ್ಕಳು ಚೆಲ್ಲಿದ್ದರು. ಈ ಸಲ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಆಮೇಲೆ ತುಂಬ ನೀರು ಬೆರೆಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಹಾಕಿದೆವು. ಅದೂ ಟ್ಯಾಂಕು ತುಂಬುತ್ತಿರುವಾಗ, ಚೆನ್ನಾಗಿ ಬೆರೆಯಲೆಂದು. ವಾಲ್ವ್ ತೆಗೆದದ್ದು ಅರ್ಧ ತಾಸಿನ ನಂತರ. ಬೋರಿನ ನೀರಿನಲ್ಲಿರುವ, ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಇದರಿಂದ ಹೋಗುವುದಿಲ್ಲ ಎಂದೂ ಊರವರಿಗೆ ಬಿಡಿಸಿ ಹೇಳಿದೆ.

"ಯಪ್ಪಾ, ಈ ವಾಸ್ನಿ ನೀರು ಹೆಂಗ ಕುಡೀಲಿ?" ಅಂದಳು ಕೊನೆಯ ಮನೆಯ ಅಜ್ಜಿ. ಆಕೆಯ ಮೊಮ್ಮಗಳಿಗೆ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದ್ದರು. ಗಟಾರದ ನೀರು ಒಂದು ನಳಿಕೆಯಲ್ಲಿ, ಆಕೆಯ ಕೊಡದ ನೀರು ಇನ್ನೊಂದರಲ್ಲಿ ಹಿಡಿದು, ಎರಡಕ್ಕೂ ಆಕೆಯ ಕೈಯಿಂದಲೇ ಹನಿ ಬಿಡಿಸಿದೆ. ಕೊಡದ ನೀರು ಹಳದಿಯಾಯಿತು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಮುಂದಿನ ತಿಂಗಳು ಆ ಓಣಿಗೆ ಹೋದಾಗ ಅಜ್ಜಿ ವಾಟರ್‌ಮನ್‌ನನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದಳು: "ಇವತ್ತ ನೀರಾಗ ವಾಸ್ನಿನ ಇಲ್ಲಲ್ಲೋ ತಮ್ಮಾ, ಪೌಡರ್ ಹಾಕಿಲ್ಲೇನು?"