ಲಿಬರ್ಟಿ ಹಡಗಿನ ಬಳಿ ತೇಲಿ ನಿಲ್ಲಲು ಕಲಿತದ್ದು

ಬಾಲಿಯ ತುಲಾಂಬೆನ್ ತೀರದ ತುಂಬ ಕಪ್ಪು ಉರುಟುಗಲ್ಲುಗಳು. ಸ್ಕೂಬಾ ಡೈವಿಂಗ್‌ಗೆಂದು ಬಂದಿದ್ದ ನಾನು, ಕಾಲಿಗೆ ತೊಡುವ ಈಜುರೆಕ್ಕೆಗಳಾದ ಫಿನ್‌ಗಳನ್ನು ಕೈಯಲ್ಲೇ ಹಿಡಿದು ಸೊಂಟದ ಮಟ್ಟದ ನೀರಿನವರೆಗೆ ನಡೆದು, ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಅವನ್ನು ತೊಟ್ಟುಕೊಂಡೆ. ಅಲ್ಲಿಂದ ಸ್ವಲ್ಪವೇ ಈಜಿದರೆ ಮುಳುಗಿದ ಲಿಬರ್ಟಿ ಹಡಗು ಸಿಗುತ್ತದೆ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿದ ಅಮೆರಿಕದ ಈ ಸರಕು ಹಡಗನ್ನು ಎಳೆದು ತರುವಾಗ ನೀರು ನುಗ್ಗಿದ್ದರಿಂದ ಇಲ್ಲಿನ ದಡಕ್ಕೇರಿಸಿದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಮರಳಿ ಕಡಲಿಗೆ ಜಾರಿತು. ಈಗ ಸುಮಾರು 5ರಿಂದ 30 ಮೀಟರ್ ಆಳದವರೆಗೆ ಇಳಿಜಾರಿನಲ್ಲಿ ಮಲಗಿದೆ.

ಮೊದಲ ದಿನ ನಾನು ನೀರಿನಲ್ಲಿ ಮುಳುಗಲು ಅಗತ್ಯಕ್ಕಿಂತ 2 ಕಿಲೋ ಹೆಚ್ಚು ಸೀಸ ಕಟ್ಟಿಕೊಂಡಿದ್ದೆ. ಆ ಭಾರವನ್ನು ಸರಿದೂಗಿಸಲು ತೇಲಿಸುವ ಜಾಕೆಟ್ಟಿಗೆ ತುಂಬಿದ ಗಾಳಿ ಆಳ ಬದಲಾದಂತೆಲ್ಲ ಹಿಗ್ಗಿ ಕುಗ್ಗಿ ನನ್ನನ್ನು ಏರಿಳಿಸಿತು, ಕಾಲುಗಳು ಜೋತುಬಿದ್ದವು, ಫಿನ್ ಕಪ್ಪು ಮರಳನ್ನು ಕೆದಕಿ ನೀರನ್ನು ಬಗ್ಗಡ ಮಾಡಿತು. ಅದರ ತುದಿ ಒಂದು ಬೀಸಣಿಗೆ ಹವಳಕ್ಕೂ ತಾಗಿತು. ಆ ನೋವು ಇನ್ನೂ ಹೋಗಿಲ್ಲ. ಸಡಿಲ ಮರಳಿನ ನಡುವೆ ಹವಳದ ಮರಿಗಳಿಗೆ ಕಚ್ಚಿಕೊಳ್ಳಲು ಗಟ್ಟಿ ನೆಲೆ ಕೊಟ್ಟದ್ದು ಈ ಕಬ್ಬಿಣವೇ. ಅಲ್ಲಿ ದಶಕಗಳಿಂದ ಬೆಳೆದದ್ದನ್ನು ಮುರಿಯಲು ಒಂದು ಒದೆತ ಸಾಕು.

ಸಂಜೆ ಸಿಲಿಂಡರಿನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ) ಮಾತ್ರ ಉಳಿದಿದ್ದಾಗ ತೂಕ ಪರೀಕ್ಷಿಸಿದೆ, ಏಕೆಂದರೆ ಗಾಳಿ ಖರ್ಚಾದಂತೆ ಸಿಲಿಂಡರ್ ಹಗುರಾಗುತ್ತದೆ. ಜಾಕೆಟ್ ಬರಿದು ಮಾಡಿ, ಸಹಜ ಉಸಿರಿನಲ್ಲಿ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲುವವರೆಗೆ ಸೀಸ ಕಳಚಿದೆ.

ಮರುದಿನ ನಸುಕಿನಲ್ಲೇ ಇಳಿದೆ. ಹಡಗಿನ ಆಸರೆಯಲ್ಲಿ ರಾತ್ರಿ ಕಳೆಯುವ ಬಂಪ್‌ಹೆಡ್ ಗಿಳಿಮೀನುಗಳು ಆ ಹೊತ್ತಿಗೇ ಹಿಂಡಾಗಿ ಹೊರಡುತ್ತವೆ. ಕೈಕಾಲು ಆಡಿಸದೆ, ಉಸಿರಿನಿಂದಲೇ ಅಂಗೈಯಗಲ ಏರಿಳಿಯುತ್ತ ಕಾದೆ. ಮೀಟರ್ ಉದ್ದದ ಆ ಮೀನುಗಳು ಉಬ್ಬಿದ ಹಣೆ, ಹವಳ ಕಡಿಯುವ ಕೊಕ್ಕಿನಂಥ ಹಲ್ಲುಗಳೊಂದಿಗೆ ನನ್ನ ಪಕ್ಕದಲ್ಲೇ ಹಾದುಹೋದವು. ಬಳಿಕ ಮಾರ್ಗದರ್ಶಿ ತೋರಿಸಿದ ಬೀಸಣಿಗೆ ಹವಳದ ಮುಂದೆ ತುಂಬ ಹೊತ್ತು ದಿಟ್ಟಿಸಿದ ಮೇಲೆ, ಅದರ ಗುಲಾಬಿ ಗಂಟುಗಳಲ್ಲೊಂದು ಬಾಲ ಸುತ್ತಿ ಕುಳಿತ, 2 ಸೆಂಟಿಮೀಟರಿನಷ್ಟು ಪುಟ್ಟ ಕಡಲ್ಗುದುರೆಯಾಗಿತ್ತು.

ಮೇಲೇರುವ ಮುನ್ನ ಸುರಕ್ಷತೆಗಾಗಿ 5 ಮೀಟರ್ ಆಳದಲ್ಲಿ 3 ನಿಮಿಷ ನಿಂತಾಗ ಗಾಳಿಮಾಪಕ 80 ಬಾರ್ ತೋರಿಸುತ್ತಿತ್ತು. ಹಿಂದಿನ ದಿನ ಅಲ್ಲಿಗೆ ಬರುವಾಗ ಉಳಿದಿದ್ದದ್ದು 50.