ಬಂಡೆಯ ಹಾವಸೆಯಲ್ಲಿ ನೀರುಕರಡಿ ಹುಡುಕುವುದು, ಒಣಗಿಸಿ ಎಬ್ಬಿಸುವುದು

ಜೀವ ಒಂದು ಗ್ರಹದಿಂದ ಇನ್ನೊಂದಕ್ಕೆ ಸಾಗಬಲ್ಲದು ಎಂಬ ವಾದವೇ ಪ್ಯಾನ್‌ಸ್ಪರ್ಮಿಯಾ. 1903ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್ ಇದನ್ನು ವಿವರವಾಗಿ ಮಂಡಿಸಿದರು. ವಾದ ನಿಲ್ಲಬೇಕಾದರೆ ಜೀವಿ ಮೊದಲು ನೀರಿಲ್ಲದೆ ಉಳಿಯಬೇಕು. ಅಷ್ಟನ್ನು ಚಿತ್ರದುರ್ಗದಲ್ಲೇ, ಹಾವಸೆಯಲ್ಲಿ ವಾಸಿಸುವ ನೀರುಕರಡಿ (ಟಾರ್ಡಿಗ್ರೇಡ್) ಎಂಬ ಅತಿಸಣ್ಣ ಪ್ರಾಣಿಯಲ್ಲಿ ಪರೀಕ್ಷಿಸಬಹುದು.

ಬೇಸಿಗೆಯಲ್ಲಿ ಒಣಗಿ, ಮುಂಗಾರಿಗೆ ಹಸಿರಾಗುವ ಹಾವಸೆ ಬೇಕು. ಸದಾ ಒದ್ದೆಯಿರುವ ಬಚ್ಚಲ ಪಾಚಿ ಬೇಡ. ಕೋಟೆಯ ಗೋಡೆ ಕೆರೆಯಲೇಬೇಡಿ, ಅದು ಸಂರಕ್ಷಿತ ಸ್ಮಾರಕ. ಮನೆಯ ಕಾಂಪೌಂಡು, ಹಳೇ ಹೆಂಚು ಸಾಕು. ಹೆಬ್ಬೆರಳ ಗಾತ್ರದ ತುಣುಕನ್ನು ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ.

ತುಣುಕನ್ನು ಬೋರಲು ಮಾಡಿ ಮಳೆನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಕ್ಲೋರಿನ್ ಹಾಕಿದ ನಲ್ಲಿನೀರು ಬೇಡ. ಬೆಳಿಗ್ಗೆ ಹಿಂಡಿ ತೆಗೆದು, ಹತ್ತು ನಿಮಿಷ ಬಿಟ್ಟು, ತಳದ ಗಸಿಯಿಂದಲೇ ಡ್ರಾಪರ್‌ನಲ್ಲಿ ಹನಿ ತೆಗೆಯಿರಿ. ನೀರುಕರಡಿಗೆ ಈಜು ಬಾರದು, ಮೇಲಿನ ನೀರಲ್ಲಿ ಹುಡುಕಿ ಸೋಲುವವರೇ ಹೆಚ್ಚು. 40 ಪಟ್ಟು ಹಿಗ್ಗಿಸುವ ಮೈಕ್ರೋಸ್ಕೋಪ್ ಸಾಕು, ಆದರೆ ಬೆಳಕು ತಗ್ಗಿಸಿ; ಪಾರದರ್ಶಕ ಮೈ ಜೋರು ಬೆಳಕಿನಲ್ಲಿ ಕಾಣದೇ ಹೋಗುತ್ತದೆ. ಉದ್ದ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಡಿಮೆ, ಎಂಟು ಗಿಡ್ಡ ಕಾಲು, ತುದಿಯಲ್ಲಿ ಉಗುರು. ದಾರದಂತೆ ಹೊಡೆದುಕೊಳ್ಳುವುದು ನೆಮಟೋಡ್ ಎಂಬ ಹುಳು. ತಲೆಯಲ್ಲಿ ಚಕ್ರ ತಿರುಗಿದಂತೆ ಕಂಡರೆ ಅದು ರೋಟಿಫರ್ ಎಂಬ ಇನ್ನೊಂದು ಸಣ್ಣ ಜೀವಿ. ಏನೂ ಸಿಗದಿದ್ದರೆ ಬೇರೆ ಗೋಡೆಯ ಹಾವಸೆ ನೋಡಿ.

ಸಿಕ್ಕವನ್ನು ಮುಚ್ಚಳವಿರುವ ತಟ್ಟೆಯಲ್ಲಿ ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಮುಚ್ಚಳವನ್ನು ಚೂರೇ ಸರಿಸಿ, ಒಂದೆರಡು ದಿನಕ್ಕೆ ಒಣಗುವಂತೆ ಮಾಡಿ. ಇಡೀ ಪ್ರಯೋಗ ಕೆಡುವುದು ಇಲ್ಲೇ: ಫ್ಯಾನಿನಡಿ ಬೇಗ ಒಣಗಿಸಿದರೆ ಕಾಲು ಒಳಗೆಳೆದು ಉಂಡೆಯಾಗಲು ಸಮಯ ಸಿಗದೆ ಸಾಯುತ್ತವೆ. ವಾರದ ನಂತರ ನೀರು ಹನಿಸಿ, ಕೆಲವು ಗಂಟೆ ಕಾಯಿರಿ.

ಎದ್ದವೆಂದು ಪ್ಯಾನ್‌ಸ್ಪರ್ಮಿಯಾ ಗೆದ್ದಿತು ಎನ್ನಬೇಡಿ. 2007ರಲ್ಲಿ ಫೋಟಾನ್-ಎಂ3 ನೌಕೆಯಲ್ಲಿ ಒಣ ನೀರುಕರಡಿಗಳು ಸುಮಾರು ಹತ್ತು ದಿನ ಬಾಹ್ಯಾಕಾಶಕ್ಕೆ ಒಡ್ಡಿಕೊಂಡವು. ನಿರ್ವಾತವನ್ನು ಚೆನ್ನಾಗಿಯೇ ತಾಳಿದವು. ಸೂರ್ಯನ ಪೂರ್ಣ ಅತಿನೇರಳೆ ಕಿರಣವೂ ಬಿದ್ದಾಗ ಉಳಿದವು ತೀರಾ ಕೆಲವೇ. ಮಂಗಳದಿಂದ ಸಿಡಿದ ಕಲ್ಲುಗಳಿಗೆ ಇಲ್ಲಿ ತಲುಪಲು ಲಕ್ಷಾಂತರ ವರ್ಷ ಹಿಡಿದಿದೆ. ಅದೂ ಅಲ್ಲದೆ, ಜೀವ ಮೊದಲು ಹುಟ್ಟಿದ್ದು ಹೇಗೆಂಬ ಪ್ರಶ್ನೆಯನ್ನು ಈ ವಾದ ಮುಟ್ಟುವುದೇ ಇಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿದ್ದು 1953ರಲ್ಲಿ ಅನಿಲಗಳಲ್ಲಿ ಕಿಡಿ ಹಾರಿಸಿ, ಪ್ರೋಟೀನಿನ ಮೂಲಘಟಕವಾದ ಅಮೈನೋ ಆಮ್ಲ ಪಡೆದ ಅಮೆರಿಕದ ರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಮಿಲ್ಲರ್ ಅವರ ದಾರಿ.

ಬಿಸಿಲಿನ ಪರೀಕ್ಷೆಯನ್ನೂ ಮಾಡುವುದಾದರೆ ಒಣಗಿದ ನೀರುಕರಡಿಗಳಿರುವ ಎರಡು ತಟ್ಟೆ ಪಕ್ಕಪಕ್ಕ ತಾರಸಿಯಲ್ಲಿಡಿ, ಒಂದನ್ನು ಅಲ್ಯುಮಿನಿಯಂ ಹಾಳೆಯಿಂದ ಮುಚ್ಚಿ. ಇನ್ನೊಂದರ ಮೇಲೆ ಗಾಜು ಇಡಬೇಡಿ. ಅತಿನೇರಳೆಯಲ್ಲಿ ಹೆಚ್ಚು ಹಾನಿ ಮಾಡುವ ಯುವಿ-ಬಿ ಕಿರಣವನ್ನು ಗಾಜೇ ಬಹುಪಾಲು ತಡೆದುಬಿಡುತ್ತದೆ.