ಸ್ತನದ ಸ್ಕ್ಯಾನಿಂಗ್: ಗಂಟು ಎಲ್ಲಿದೆ ಎಂದು ಮೊದಲು ನೀವೇ ತೋರಿಸಿ

ಸ್ನಾನ ಮಾಡುವಾಗ ಕೈಗೊಂದು ಗಂಟು ತಗುಲುತ್ತದೆ. ನೋವಿಲ್ಲವಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಸ್ತನ ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಆದ್ದರಿಂದ ಮೊದಲು ವೈದ್ಯರ ಕೈ ಪರೀಕ್ಷೆ, ಆಮೇಲೆ ಯಂತ್ರ. ಕೈ ಪರೀಕ್ಷೆಯನ್ನು ಹಗುರವಾಗಿ ಕಾಣಬೇಡಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 20 ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದರಿಂದಲೇ, 50 ದಾಟಿದವರಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು.

ಯಾರಿಗೆ ಯಾವುದು?

30ರೊಳಗಿನವರಿಗೆ, ಗರ್ಭಿಣಿಯರಿಗೆ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್, ಅಂದರೆ ಶಬ್ದದ ಅಲೆಗಳಿಂದ ಮಾಡುವ ಸ್ಕ್ಯಾನಿಂಗ್. 40 ದಾಟಿದ್ದರೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ), ಜೊತೆಗೆ ಅಲ್ಟ್ರಾಸೌಂಡ್. ನಡುವಿನವರಿಗೆ ವೈದ್ಯರು ಹೇಳಿದ್ದು. ‘ರೇಡಿಯೇಷನ್ ಇಲ್ಲ, ಸ್ಕ್ಯಾನಿಂಗ್ ಒಂದೇ ಸಾಕು’ ಎಂದು 50ರ ಹೆಂಗಸರು ಮ್ಯಾಮೊಗ್ರಾಮ್ ತಪ್ಪಿಸಿಕೊಳ್ಳುವುದು ಸರಿಯಲ್ಲ. ಹಾಲುನಾಳದೊಳಗೇ ಇರುವ ಎಳೆಯ ಕ್ಯಾನ್ಸರ್ ಎಷ್ಟೋ ಸಲ ಸುಣ್ಣದ ಪುಡಿಯಂಥ ಚುಕ್ಕಿಗಳಾಗಿ ಮಾತ್ರ ಕಾಣುತ್ತದೆ. ಅದನ್ನು ಹಿಡಿಯುವುದು ಮ್ಯಾಮೊಗ್ರಾಮ್. ಗ್ರಂಥಿ ದಟ್ಟವಾಗಿರುವ ಸ್ತನದಲ್ಲಿ ಮಾತ್ರ ಅದು ತಡವರಿಸುತ್ತದೆ. ಗ್ರಂಥಿಯೂ ಬಿಳಿ, ಗಂಟೂ ಬಿಳಿ. ಅಲ್ಲಿ ಅಲ್ಟ್ರಾಸೌಂಡ್ ಬೇಕೇ ಬೇಕು.

ಹೊರಡುವ ಮುನ್ನ

ಉಪವಾಸ ಬೇಡ, ಮೂತ್ರ ಕಟ್ಟಿಕೊಳ್ಳುವುದೂ ಬೇಡ. ಮೇಲಿನ ಬಟ್ಟೆಯಷ್ಟೇ ತೆಗೆಯುವಂಥ ಉಡುಪಿರಲಿ. ಅದೇ ದಿನ ಮ್ಯಾಮೊಗ್ರಾಮ್ ಇದ್ದರೆ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಾಕಬೇಡಿ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕಿಗಳಂತೆ ಕಾಣಬಹುದು. ಹಾಲೂಡಿಸುವವರು ಊಡಿಸಿಯೇ ಒಳಗೆ ಹೋಗಿ. ಹಳೆಯ ರಿಪೋರ್ಟ್ ಜೊತೆ ಚಿತ್ರಗಳನ್ನೂ ಒಯ್ಯಿರಿ.

ಹಿಂದಿನ ರಾತ್ರಿ ಮಲಗಿಕೊಂಡು ಗಂಟನ್ನು ಇನ್ನೊಮ್ಮೆ ಹುಡುಕಿ, ಬಾಲ್‌ಪೆನ್ನಿನಿಂದ ಗುರುತು ಮಾಡಿ. ನಿಂತಾಗ ಸಿಕ್ಕಿದ್ದು ಮಲಗಿದಾಗ ಜಾರಿರುತ್ತದೆ.

ಮಂಚದ ಮೇಲೆ

ಪರೀಕ್ಷಿಸುವ ಕಡೆಯ ಕೈ ತಲೆಯ ಮೇಲೆ, ಆ ಭುಜದ ಕೆಳಗೆ ದಿಂಬು, ಮೈ ಇನ್ನೊಂದು ಬದಿಗೆ ಸ್ವಲ್ಪ ವಾಲಿರಬೇಕು. ಆಗ ಸ್ತನ ಎದೆಗೂಡಿನ ಮೇಲೆ ತೆಳ್ಳಗೆ ಹರಡುತ್ತದೆ, ತಳದವರೆಗೂ ಕಾಣುತ್ತದೆ. ಮೈಮೇಲೆ ಆಡಿಸುವ ಹಿಡಿಯೇ ಪ್ರೋಬ್; ಬಳಸಬೇಕಾದ್ದು ಚಪ್ಪಟೆ ಮುಖದ ಲೀನಿಯರ್ ಪ್ರೋಬ್, ಸುಮಾರು 12 ಮೆಗಾಹರ್ಟ್ಸ್‌ನದು. ಹೊಟ್ಟೆ ನೋಡುವ ಬಾಗಿದ ಪ್ರೋಬ್‌ಗೆ ಚಿಕ್ಕ ಗಂಟು ನಿಲುಕದು. ಜೆಲ್ ತಣ್ಣಗಿರುತ್ತದೆ, ಅಷ್ಟೇ. ಪ್ರೋಬನ್ನು ಹಾಕುವ ಮೊದಲೇ ಗಂಟಿನ ಮೇಲೆ ಬೆರಳಿಟ್ಟು ‘ಇಲ್ಲಿ’ ಎನ್ನಿ. ತೊಟ್ಟಿನ ಹಿಂದೆ ನೆರಳು ಬೀಳುವುದರಿಂದ ಅಲ್ಲಿ ಪ್ರೋಬನ್ನು ಓರೆ ಮಾಡಿ ನೋಡಬೇಕು. ಕಂಕುಳನ್ನು ನೋಡದೆ ಮುಗಿಸಿದರೆ ಕೇಳಿ.

ಮೋಸ ಮಾಡುವುದು ಕೊಬ್ಬು. ಒಂದು ಕಡೆಯಿಂದ ಕೊಬ್ಬಿನ ಉಂಡೆ ಥೇಟ್ ಗಂಟಿನಂತೆಯೇ ಕಾಣುತ್ತದೆ. ಪ್ರೋಬನ್ನು ಅಲ್ಲೇ 90 ಡಿಗ್ರಿ ತಿರುಗಿಸಿದರೆ ಅದು ಉದ್ದಕ್ಕೆ ಎಳೆದುಕೊಂಡು ಸುತ್ತಲಿನ ಕೊಬ್ಬಿನಲ್ಲಿ ಕಲೆತುಹೋಗುತ್ತದೆ. ನಿಜವಾದ ಗಂಟು ಎರಡೂ ಕಡೆಯಿಂದ ಗಂಟೇ. ಇನ್ನು ತಂತುಗಳಿಂದ ಬೀಳುವ ಕಪ್ಪು ನೆರಳು. ಪ್ರೋಬನ್ನು ಸ್ವಲ್ಪ ಒತ್ತಿದರೆ ಅದು ಮಾಯ. ಒತ್ತಿದರೂ ಉಳಿಯುವ ನೆರಳನ್ನು ಬಿಡುವಂತಿಲ್ಲ. ಯಂತ್ರದ ಗೇನ್ (ಚಿತ್ರದ ಬೆಳಕು ಹೆಚ್ಚು ಕಡಿಮೆ ಮಾಡುವ ಹೊಂದಿಕೆ) ತೀರಾ ಕಡಿಮೆಯಿದ್ದರೆ ಗಟ್ಟಿ ಗಂಟೂ ಕಪ್ಪಾಗಿ ನೀರುಗುಳ್ಳೆಯೆಂದು ಬರೆಸಿಕೊಳ್ಳುತ್ತದೆ.

ನಿಜವಾದ ನೀರುಗುಳ್ಳೆ ಅಚ್ಚ ಕಪ್ಪು, ಅಂಚು ತೆಳು, ಅದರ ಕೆಳಗೆ ಬೆಳ್ಳನೆಯ ಹೊಳಪು. ಫೈಬ್ರೊಅಡಿನೋಮ, ಅಂದರೆ ಕ್ಯಾನ್ಸರ್ ಅಲ್ಲದ ಗಟ್ಟಿ ಗಂಟು, ಅವರೆಕಾಳಿನಂತೆ ಅಡ್ಡ ಮಲಗಿರುತ್ತದೆ. ಅಗಲಕ್ಕಿಂತ ಎತ್ತರ ಹೆಚ್ಚಿದ್ದರೆ, ಅಂಚಿನಿಂದ ಬೇರಿನಂಥ ಎಳೆಗಳು ಹೊರಟಿದ್ದರೆ ಅನುಮಾನ. ಆದರೆ ವೇಗವಾಗಿ ಬೆಳೆಯುವ ಕೆಲವು ಕ್ಯಾನ್ಸರ್‌ಗಳು, ಮುಖ್ಯವಾಗಿ ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಕಗಳೂ ಎಚ್‌ಇಆರ್2 ಪ್ರೋಟೀನೂ ಇಲ್ಲದ) ಬಗೆಯವು, ದುಂಡಗೆ ನುಣುಪಾಗಿ ಸಾಧುವಿನಂತೆ ಕೂತಿರುತ್ತವೆ. ಹಾಗಾಗಿ ಚಿತ್ರ ನೋಡಿಯೇ ಎಲ್ಲವನ್ನೂ ತೀರ್ಮಾನಿಸಲಾಗದು.

ರಿಪೋರ್ಟ್ ಓದುವುದು

‘ಬಲ ಸ್ತನ, 10 ಗಂಟೆ, ತೊಟ್ಟಿನಿಂದ 4 ಸೆಂ.ಮೀ.’ ಎಂದಿದ್ದರೆ ಎದುರು ನಿಂತವರಿಗೆ ಕಾಣುವ ಗಡಿಯಾರ ಅದು. ಇಲ್ಲಿ ಕಂಕುಳಿನ ಕಡೆಯ ಮೇಲ್ಭಾಗ. ನೀವು ತೋರಿಸಿದ ಜಾಗವೇ ಹೌದೇ ನೋಡಿ. ಕೊನೆಗೆ ಬೈರಾಡ್ಸ್ (BI-RADS) ಅಂಕಿ ಇರುತ್ತದೆ, ಕ್ಯಾನ್ಸರ್ ಅನುಮಾನ ಎಷ್ಟೆಂದು ಹೇಳುವ ಅಂಕಿ. 1 ಎಂದರೆ ಏನೂ ಇಲ್ಲ, 2 ನಿರಪಾಯ. 3 ಎಂದರೆ ಕ್ಯಾನ್ಸರ್ ಸಾಧ್ಯತೆ ಶೇ 2ಕ್ಕಿಂತ ಹೆಚ್ಚಿಲ್ಲ, 6 ತಿಂಗಳಿಗೆ ಮತ್ತೆ ಸ್ಕ್ಯಾನ್. ಮರೆತುಬಿಡುವುದು ಇದನ್ನೇ, ಕ್ಯಾಲೆಂಡರಿನಲ್ಲಿ ಬರೆದಿಡಿ. 4ರ ವ್ಯಾಪ್ತಿ ಶೇ 2ರಿಂದ 95ರವರೆಗೆ, ಅದಕ್ಕೇ ಎ, ಬಿ, ಸಿ ಎಂದು ಒಡೆದಿರುತ್ತಾರೆ. 5 ಅದಕ್ಕೂ ಮೇಲೆ. 4 ಮತ್ತು 5ಕ್ಕೆ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವುದು. 0 ಕಂಡು ಹಿಗ್ಗಬೇಡಿ; ಪರೀಕ್ಷೆ ಅಪೂರ್ಣ, ಇನ್ನೊಂದು ಬೇಕು ಎಂದರ್ಥ. ರಿಪೋರ್ಟ್ 1 ಎಂದರೂ ಗಂಟು ಕೈಗೆ ಸಿಗುತ್ತಲೇ ಇದ್ದರೆ ಸರ್ಜನ್ ಬಳಿ ಮರಳಿ ಹೋಗಿ.

ಸೂಜಿ

ಜಾಗ ಮರಗಟ್ಟಿಸಿ, ತೆರೆಯ ಮೇಲೆ ಸೂಜಿಯ ತುದಿ ನೋಡುತ್ತ, ಸಾಮಾನ್ಯವಾಗಿ 14 ಗೇಜ್ ಸೂಜಿಯಿಂದ ಹಲವು ಎಳೆ ತೆಗೆಯುತ್ತಾರೆ. ಸೂಜಿ ಎಳೆ ಕತ್ತರಿಸುವಾಗ ಬರುವ ‘ಟಕ್’ ಎಂಬ ಸದ್ದಿಗೆ ಬೆಚ್ಚದಿರಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ತಿಂಗಳುಗಟ್ಟಲೆ ಮುಂದೂಡುವವರಿದ್ದಾರೆ. ಕೆಡುವುದು ಆ ತಿಂಗಳುಗಳಿಂದ. ಫಲಿತಾಂಶ ಬಂದಾಗ ಸ್ಕ್ಯಾನ್ ಚಿತ್ರದೊಡನೆ ಅದು ತಾಳೆಯಾಗುತ್ತದೆಯೇ ಎಂದು ಕೇಳಿ. ಚಿತ್ರದಲ್ಲಿ 5, ಬಯಾಪ್ಸಿಯಲ್ಲಿ ಏನೂ ಇಲ್ಲ ಎಂದರೆ ಸೂಜಿ ಜಾಗ ತಪ್ಪಿರಬಹುದು. ಅಲ್ಲೇ ಇನ್ನೊಮ್ಮೆ ತೆಗೆಸಬೇಕು.